ಮೂರಕ್ಕೆ ಬಿಡ್ತೀರಾ?

ಬಟ್ಟೆ ಕಾರ್ಖಾನೆಯಲ್ಲಿ ಅಂದು ಹೊಲಿಯುವವರ ಸಂದರ್ಶನ. ರಿಜಿಸ್ಟರ್ ಬರೆಯುವಾಕೆಯ ಕೈ ಹೆಸರು ಗೀಚುತ್ತಿತ್ತು; ಕಿವಿ ಮಾತ್ರ, ಕಥೆಗೆ ಕೂತ ಮಗುವಿನ ಹಾಗೆ, ಎದುರಿನ ಬೆಂಚಿಗೇ ಅಂಟಿಕೊಂಡಿತ್ತು. ಅಲ್ಲಿ ಒಬ್ಬ ಅಕ್ಕ ಮ್ಯಾನೇಜರನಂತೆ ಕಾಲ ಮೇಲೆ ಕಾಲು ಹಾಕಿ ತಂಗಿಗೆ ತಾಲೀಮು ಕೊಡುತ್ತಿದ್ದಳು.

“ಆರು ವರ್ಷ ಯಾಕಮ್ಮ ಕೆಲಸಕ್ಕೆ ಹೋಗಿಲ್ಲ?”

“ಮಗಳನ್ನ ನೋಡ್ಕೋಬೇಕಿತ್ತು, ಸರ್.”

“ನೆಲಕ್ಕೆ ಹೇಳ್ಬೇಡ್ವೇ, ನನ್ನ ಮುಖ ನೋಡಿ ಹೇಳು. ಏನೇನು ಹೊಲಿತೀಯ?”

“ಕಾಲರ್, ತೋಳು, ಜೇಬು. ಗುಂಡಿಗೆ ಕಾಜಾ ಹಾಕೋಕೂ ಬರತ್ತೆ.”

“ಭೇಷ್. ನೀನೇನಾದ್ರೂ ಕೇಳೋದಿದ್ಯಾ?”

“ಮಧ್ಯಾಹ್ನ ಮೂರಕ್ಕೆ ಬಿಡ್ತೀರಾ, ಸರ್? ಮಗಳ ಸ್ಕೂಲು ಬಿಡೋ ಹೊತ್ತು.”

ಅಕ್ಕನ ಕಾಲು ತಾನಾಗಿಯೇ ಕೆಳಗಿಳಿಯಿತು.

“ಹೋದ ಕಡೆಯೆಲ್ಲ ಇದನ್ನೇ ಕೇಳಿ ಕೆಲಸ ಕಳ್ಕೊಂಡು ಬರ್ತೀಯಲ್ಲೇ.”

“ಬಾಯಿಗೆ ಬಂದ್ಬಿಡತ್ತೆ, ಅಕ್ಕ.”

“ಮಗು ತೀರ್ಕೊಂಡು ನಾಲ್ಕು ತಿಂಗಳಾಯ್ತು ಕಣೇ.”

“ಗೊತ್ತು.”

“ಮತ್ತೆ ಒಳಗೆ ಹೋಗಿ ಏನು ಕೇಳ್ತೀಯ ಹೇಳು.”

ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಎಲ್ಲರೂ ಮನೆಗೆ ಹೋದ್ಮೇಲೂ ಇಲ್ಲೇ ಕೂತು ಹೊಲೀಬಹುದಾ ಅಂತ ಕೇಳ್ಲಾ?”

ಒಳಗಿಂದ ಗಂಟೆಯ ಸದ್ದು ಕೇಳಿಸಿತು. ರಿಜಿಸ್ಟರಿನಾಕೆ ಹೆಸರನ್ನು ಆದಷ್ಟು ಮೆಲ್ಲಗೆ ಕರೆದಳು. ಅಕ್ಕ ಬಾಗಿಲವರೆಗೂ ತಂಗಿಯ ಕೈ ಹಿಡಿದು ನಡೆಸಿಕೊಂಡು ಹೋದಳು, ಮೊದಲ ದಿನ ಮಗುವನ್ನು ಶಾಲೆಗೆ ಬಿಡುವವರ ಹಾಗೆ.