ಅತಿಥಿಗಳಿಗೆಂದು ತೆಗೆದ ಫ್ಲಾಸ್ಕು

...ಬೇಡ ಬಿಡು, ಈಗ ಆ ಕಿಟಕಿ ಮುಚ್ಚಿ ಏನು ಉಪಕಾರ? ಆಗೋದೆಲ್ಲ ಆಗಿಹೋಯ್ತಲ್ಲ. ಕೂತ್ಕೋ ಜಿಪಾರ್. ಅಲ್ಲಲ್ಲ, ಮೇಜಿನ ಹಿಂದೆ ಅಲ್ಲ. ಇಲ್ಲಿ, ಮಕ್ಕಳ ಬೆಂಚಲ್ಲಿ. ಹಾಂ. ಇವತ್ತು ನಿನಗೆ ಒಪ್ಪೋ ಜಾಗ ಅದೇ.

ಯಾಕೆ ನಗ್ತೀಯ?... ನಗಲಿಲ್ವಾ? ಹಾಗಾದ್ರೆ ತುಟಿ ಹುಟ್ಟಿನಿಂದಲೇ ಹಾಗಿರಬೇಕು. ಇರಲಿ.

ಮೂವತ್ತು ವರ್ಷ ಆಯ್ತು ತಂಗಿ, ನಾನು ಈ ಶಾಲೇಲಿ ರಸಾಯನಶಾಸ್ತ್ರ ಹೇಳೋಕೆ ಶುರುಮಾಡಿ. ನಾರೀನ್ ಪೇಟೆಯಲ್ಲಿ ಬುರುಲ್ ಎಜೆಕೆ, ಬುರುಲ್ ಅಕ್ಕೋರು ಅಂದ್ರೆ ಕಟುಕನೂ ಎಲುಬಿಲ್ಲದ ಮಾಂಸ ತೂಗಿ ಕೊಡ್ತಾನೆ. ಯಾಕೆ? ಅವನಿಗೂ ನಾನೇ ಕಲಿಸಿದ್ದು. ಅವನ ಹೆಂಡತಿಗೂ ನಾನೇ. ಅಷ್ಟು ವರ್ಷದಲ್ಲಿ ಎಷ್ಟು ತೆರೆದ ಪಾಠ ಮಾಡಿದೀನಿ, ಒಂದರಲ್ಲಾದರೂ ಈ ಶಾಲೆಯ ಮಾನ ಹೋಗಿತ್ತಾ? ನೀನು ಬಂದು ಇನ್ನೂ ಎರಡು ಚಳಿಗಾಲ ಆಗಿಲ್ಲ...

ತೆರೆದ ಪಾಠ ಅಂದ್ರೆ ಏನು ಅಂದ್ಕೊಂಡಿದ್ದೆ ನೀನು? ಬಾಗಿಲು ತೆಗೆದಿಟ್ಟು ಪಾಠ ಮಾಡೋದು ಅಂತಲಾ? ತಪಾಸಣೆಗೆ ಬಂದ ದೊಡ್ಡವರು ಹಿಂದೆ ಸಾಲಾಗಿ ಕೂರ್ತಾರೆ, ನೀನು ಮುಂದೆ ನಿಂತು ವಾರವಿಡೀ ತಿದ್ದಿ ತೀಡಿದ್ದನ್ನ ಮಾಡಿ ತೋರಿಸ್ತೀಯ. ಅತಿಥಿ ಬಂದು ಕೂತ ಮೇಲೆ ಯಾರಾದ್ರೂ ಅವರ ಮುಂದೆ ಹಿಟ್ಟು ನಾದೋಕೆ ಕೂರ್ತಾರೇನೇ?

ನಾನೇನು ಕಡಿಮೆ ಹೇಳಿಕೊಟ್ಟಿದ್ನಾ? ಪರ್ಮಾಂಗನೇಟಿನ ನೇರಳೆ ನೀರಿಗೆ ಆಕ್ಸಾಲಿಕ್ ಆಮ್ಲ ಸುರಿ. ಬಣ್ಣ ಹೋಗುತ್ತೆ. ಮಕ್ಕಳೆಲ್ಲ ಒಂದೇ ದನೀಲಿ ಬಣ್ಣ ಹೋಯ್ತು ಎಜೆಕೆ ಅಂತಾರೆ. ನೀನು ಬೋರ್ಡಿಗೆ ತಿರುಗಿ ಎಲೆಕ್ಟ್ರಾನು ಕಳ್ಕೊಂಡವರು ಯಾರು, ಪಡ್ಕೊಂಡವರು ಯಾರು ಅಂತ ಬರೀತೀಯ. ಕಳ್ಕೊಂಡಿದ್ದು ಉತ್ಕರ್ಷಣ, ಪಡ್ಕೊಂಡಿದ್ದು ಅಪಕರ್ಷಣ. ಚಪ್ಪಾಳೆ. ಊಟ. ಇಷ್ಟರಲ್ಲಿ ತಲೆ ಓಡಿಸೋ ಜಾಗ ಎಲ್ಲಿತ್ತು ನಿನಗೆ?

ಮಕ್ಕಳ ತಪ್ಪು ಒಂದಿಷ್ಟೂ ಇಲ್ಲ. ಬಂಗಾರದಂಥ ಮಕ್ಕಳು, ಹೇಳಿದ ಹೊತ್ತಿಗೆ ಸರಿಯಾಗಿ ಕೂಗಿದ್ರು. ಫ್ಲಾಸ್ಕು ಮಾತ್ರ ಬೀಟ್ರೂಟ್ ಸಾರಿನ ಹಾಗೆ ಕೆಂಪಗೆ ನೇರಳೆಯಾಗಿ, ಅಲ್ಲಾಡದೆ ಕೂತಿತ್ತು. ಕೂತ್ಕೊಳ್ಳಲಿ! ಅದಕ್ಕೆ ಬೆನ್ನು ಅಡ್ಡ ಕೊಟ್ಟು ನಿಂತಿದ್ರೆ ಮುಗೀತಿತ್ತು. ಹಿಂದಿನ ಸಾಲಿಗೆ ಏನು ಕಾಣ್ತಿತ್ತು, ನಿನ್ನ ಬೆನ್ನು. ನಾನು ಎಷ್ಟು ಸಲ ಹಾಗೇ ದಾಟಿಸಿಲ್ಲ... ಅದನ್ನ ಬಿಟ್ಟು ನೀನು, ಮಹರಾಯ್ತಿ, ಫ್ಲಾಸ್ಕನ್ನ ಎತ್ತಿ ಹಿಡಿದು, ಮಕ್ಕಳೇ, ಕಿವಿಯಿಂದ ನೋಡ್ಬೇಡಿ, ಕಣ್ಣಿಂದ ನೋಡಿ, ಬಣ್ಣ ಹೋಗಿದ್ಯಾ ಅಂತ ಕೇಳಿದೆ. ರಾಜಧಾನಿ ಬಿಷ್ಕೆಕ್‌ನಿಂದ ಬಂದ ಆ ಕನ್ನಡಕದ ಹೆಂಗಸು ಪೆನ್ನು ಕೆಳಗಿಟ್ಟಳು, ನಾನು ನೋಡಿದೆ.

ಅಲ್ಲಿಗೂ ಬಿಡಲಿಲ್ಲ ನೀನು. ನಿನ್ನೆ ಬೇಗ ಬಣ್ಣ ಹೋಗಿತ್ತಲ್ಲ, ಇವತ್ತು ಯಾಕೆ ತಡ, ಏನು ಬದಲಾಗಿದೆ ಹೇಳಿ ಅಂದೆ. ನಿನ್ನೆ! ಬಂದವರ ಎದುರಿಗೇ! ಇದು ಅಭ್ಯಾಸ ಮಾಡಿಸಿದ ಪಾಠ ಅಂತ ನಿನ್ನ ಬಾಯಿಂದಲೇ ಡಂಗುರ. ಸರಿ, ಮಕ್ಕಳು ಕೈ ಎತ್ತಿದ್ರು. ಉತ್ತರ ಗೊತ್ತಿದ್ದವರು ಬಲಗೈ ಎತ್ತಬೇಕು, ಗೊತ್ತಿಲ್ಲದವರು ಎಡಗೈ. ಹಿಂದೆ ಕೂತವರಿಗೆ ಕೈಗಳ ಕಾಡೇ ಕಾಣುತ್ತೆ, ಮುಂದೆ ನಿಂತವಳಿಗೆ ಯಾರನ್ನ ಎಬ್ಬಿಸಬೇಕು ಅಂತ ತಿಳಿಯುತ್ತೆ. ಈ ಜಿಲ್ಲೆಯಲ್ಲಿ ಇದು ಗೊತ್ತಿಲ್ಲದ ಮೇಷ್ಟ್ರು ಇದಾರಾ? ನೀನು ಹುಡುಕಿ ಹುಡುಕಿ ಎಡಗೈ ಎತ್ತಿದ್ದ ಸುಯುನ್‌ಳನ್ನೇ ಎಬ್ಬಿಸಿದೆ.

ಏನಂದ್ಲು ಆ ಹುಡುಗಿ? ಕಿಟಕಿ ತೆಗೆದಿದೆ, ನೀರು ತಣ್ಣಗಿದೆ, ಅದಕ್ಕೇ ನಿಧಾನ ಅಂದ್ಲು. ಹೋಗಲಿ, ಅಷ್ಟು ಪುಸ್ತಕದಲ್ಲೂ ಇದೆ, ತಣ್ಣಗಾದ್ರೆ ಕ್ರಿಯೆಯ ವೇಗ ಕಡಿಮೆ. ಆಮೇಲೆ, ನಿನ್ನೆಯ ಹಳೇ ಫ್ಲಾಸ್ಕಿನ ತಳದಲ್ಲಿ ಹಿಂದಿನ ಪ್ರಯೋಗದ ಕಂದು ಕೊಳೆ ಇತ್ತು, ಹೊಸದರಲ್ಲಿ ಅದಿಲ್ಲ, ಅದಕ್ಕೇ ಇನ್ನೂ ನಿಧಾನ ಅಂದ್ಲು. ಕೊಳೆಯಿಂದ ಕ್ರಿಯೆ ಬೇಗ ಆಗುತ್ತಂತೆ! ನಮ್ಮ ಅಂಗಳದಲ್ಲಿ ಬೇಕಾದಷ್ಟು ಕೊಳೆ ಇದೆ, ತಂದು ಹಾಕೋಣ್ವಾ? ನೀನು ತಡೆಯೋದು ಬಿಟ್ಟು ಮುಂದೆ ಹೇಳು ಅಂದೆ. ಅವಳು, ಹಿಮದಲ್ಲಿ ಮೊದಲನೇ ಕುದುರೆ ಎದೆಯಿಂದ ತಳ್ಳಿಕೊಂಡು ಕಷ್ಟಪಟ್ಟು ಹೋಗುತ್ತೆ, ಅದು ತುಳಿದ ದಾರಿಯಲ್ಲಿ ಹಿಂದಿನವು ಓಡ್ತವೆ, ಹಾಗೇ ಇಲ್ಲೂ ಮೊದಲು ಬದಲಾದದ್ದೇ ಮಿಕ್ಕಿದ್ದಕ್ಕೆ ದಾರಿ ಮಾಡುತ್ತೆ ಅಂದ್ಲು. ಅಷ್ಟು ಹೊತ್ತಿಗೆ ಫ್ಲಾಸ್ಕು ಕೂಡ ನಿನ್ನ ಪಕ್ಷ ಸೇರ್ಕೊಂಡು, ಇದ್ದಕ್ಕಿದ್ದ ಹಾಗೆ ಸರಸರ ಬಣ್ಣ ಬಿಟ್ಟು ನೀರಾಗಿ ಹೋಯ್ತು. ಮಕ್ಕಳು ಬೆಂಚಿನ ಮೇಲೆ ಹತ್ತಿ ಕಿರುಚಿದ್ರು. ಇದು ಶಾಲೆಯೋ ಕುದುರೆ ಸಂತೆಯೋ?

ಹೌದು, ಹೊಸ ಫ್ಲಾಸ್ಕು ತೆಗೆಸಿದ್ದು ನಾನೇ. ಅದನ್ನ ಹೇಳೋಕೆ ನೀನು ಆ ಬೀರು ಕಡೆ ನೋಡ್ಬೇಕಾಗಿಲ್ಲ. ಅತಿಥಿಗಳು ಬಂದ್ರೆ ಮನೇಲಿ ಎತ್ತಿಟ್ಟ ಪಿಂಗಾಣಿ ತೆಗೀತೀವೋ, ಕರೆ ಹಿಡಿದ ಬಟ್ಟಲಲ್ಲಿ ಚಹಾ ಕೊಡ್ತೀವೋ? ಕಿಟಕಿ ತೆಗೆಸಿದ್ದೂ ನಾನೇ. ಕಲ್ಲಿದ್ದಲ ಒಲೆಯ ನಾತದಲ್ಲಿ ರಾಜಧಾನಿಯವರನ್ನ ಕೂರಿಸ್ಬೇಕಿತ್ತಾ? ಮಾನಮರ್ಯಾದೆ ಅಂತ ಒಂದಿರುತ್ತೆ. ನಿನಗೆ ಅದು ಅರ್ಥ ಆಗಲ್ಲ.

ಫಲ ಏನಾಯ್ತು? ಅವರು ಒಂದು ಬಟ್ಟಲು ಚಹಾ ಕೂಡ ಕುಡೀದೆ ಮುಖ ಊದಿಸಿಕೊಂಡು ಹೊರಟುಹೋದ್ರು. ಟೊಕ್ಟೊಬೆಕ್ ಅಗಾಯ್ ಪಾಪ, ಶಾಲೆಯ ಹೆಡ್ ಮೇಷ್ಟ್ರು, ತಲೆ ಮೇಲೆ ಕೈ ಹೊತ್ತು ಕೂತಿದಾರೆ. ನಾನೇ ಸಮಾಧಾನ ಮಾಡಿ ಬಂದೆ. ಹುಡುಗಿ ಚಿಕ್ಕವಳು, ಕೆಲಸ ಕಳೀಬೇಡಿ, ಎಲ್ಲಾದ್ರೂ ದೂರ ಹಾಕಿ ಅಂತ. ಕಣಿವೆ ಆಚೆ ಮೇಲಿನ ಹಳ್ಳೀಲಿ ಶಾಲೆ ಇದೆಯಲ್ಲ, ಅಲ್ಲಿ ಒಬ್ಬ ಮೇಷ್ಟ್ರು ಬೇಕಂತೆ. ನಾಲ್ಕನೇ ತರಗತಿವರೆಗೆ. ಆಮ್ಲದ ಗೋಜಿಲ್ಲ, ಫ್ಲಾಸ್ಕಿನ ಗೋಜಿಲ್ಲ, ಅ ಆ ತಿದ್ದಿಸ್ಕೊಂಡು ಬೇಸಿಗೇಲಿ ಕುದುರೆ ಹಾಲು ಕುಡ್ಕೊಂಡು ಇರು. ರಸಾಯನಶಾಸ್ತ್ರ ನಿನ್ನ ಮೈಗೆ ಒಗ್ಗಲ್ಲ ತಂಗಿ. ನಿನ್ನ ಒಂಬತ್ತನೇ ತರಗತಿನ ನಾನು ನೋಡ್ಕೋತೀನಿ.

ನೀನೇ ಹೋಗಿ ಅಗಾಯ್ ಹತ್ರ, ನಾನು ಆ ಹಳ್ಳಿಗೆ ಹೋಗ್ತೀನಿ ಅನ್ನು. ಈಗಲೇ ಹೋಗು, ಅವರಿನ್ನೂ ಕೋಣೇಲಿದಾರೆ. ಬೆಳಿಗ್ಗೆ ಹಾಲಿನ ಗಾಡಿ ಆ ಕಡೆ ಹೊರಡುತ್ತೆ, ಅದರಲ್ಲೇ ಹತ್ಕೋ. ಬಟ್ಟೆಬರೆ ಆಮೇಲೆ ಕಳಿಸಿಕೊಡೋಣ.

ಹುಬ್ಬು ಯಾಕೆ ಹಾಗೆ ಏರಿಸ್ತೀಯ? ನನಗೇನು ಅವಸರ? ನಿನ್ನ ಒಳ್ಳೇದಕ್ಕೆ ಹೇಳಿದೆ. ಅವರು ಬರೋ ಹೊತ್ತಿಗೆ ನೀನು ಇಲ್ಲಿ ಇರದಿದ್ರೆ ನಿನಗೇ...

ಯಾರು ಬರೋ ಹೊತ್ತಿಗೆ ಅಂದ್ರೆ? ಮಕ್ಕಳು. ಮಕ್ಕಳು ಬರೋ ಹೊತ್ತಿಗೆ. ಇನ್ಯಾರು ಬರ್ತಾರೆ?

...ಏನಾದ್ರೂ ಮಾತಾಡು. ಹೀಗೆ ಗೋಡೆ ಹಾಗೆ ಕೂತ್ರೆ ಎದುರಿಗಿರೋ ಮನುಷ್ಯರಿಗೆ ಏನಾಗ್ಬೇಕು?

ಸರಿ. ಊಟ ಮಾಡಿದ್ರು. ಚಹಾ ಕುಡೀಲಿಲ್ಲ ಅಂದೆ, ಊಟ ಮಾಡಲಿಲ್ಲ ಅಂದ್ನಾ? ಬೆಷ್ಬರ್ಮಕ್ ಎರಡೆರಡು ಸಲ ಹಾಕಿಸ್ಕೊಂಡ್ರು, ಕುರಿ ಮಾಂಸ ಚೆನ್ನಾಗಿ ಬೆಂದಿತ್ತು. ಹೊಟ್ಟೆ ತುಂಬಿದ ಮೇಲೆ ಆ ಕನ್ನಡಕದವಳು ಏನೋ ಬಡಬಡಿಸಿದ್ಲು, ಅದನ್ನೆಲ್ಲ ಲೆಕ್ಕಕ್ಕೆ ಹಿಡೀತಾರಾ? ಎಷ್ಟೋ ಶಾಲೆ ಸುತ್ತಿದೀನಿ, ಮಕ್ಕಳು ನಿಜವಾಗಿ ಕಣ್ಣು ಬಿಟ್ಟು ನೋಡಿದ್ದು ಇಲ್ಲೇ ಅಂದ್ಲು. ಊಟ ಮಾಡಿದ ಬಾಯಿ, ಉಪಚಾರಕ್ಕೆ ಅಂತಾರೆ. ನೀನು ಅದನ್ನೇ ನೆಚ್ಚಿಕೊಂಡು ಕೂತ್ಕೋಬೇಡ.

ನಿನ್ನ ಬಗ್ಗೆ ಅವಳು ಕೇಳಲಿಲ್ಲ. ಇಲ್ಲ, ಕೇಳಲಿಲ್ಲ. ಹಳೇ ಫ್ಲಾಸ್ಕು ಬಿಟ್ಟು ಹೊಸದರಲ್ಲಿ ಮಾಡಿ, ತಡ ಆಗೋ ಹಾಗೆ ಮಾಡಿ ಮಕ್ಕಳ ಬಾಯಿಂದಲೇ ಕಾರಣ ತೆಗೆಸೋದು, ಈ ಯೋಚನೆ ಯಾರದು ಅಂತ ಕೇಳಿದ್ಲು, ಅಷ್ಟೇ. ಅಗಾಯ್ ನನ್ನ ಮುಖ ನೋಡಿದ್ರು. ಹೊಸ ಫ್ಲಾಸ್ಕು ತೆಗೆಸಿದ್ದು ಯಾರು? ನಾನು. ಕಿಟಕಿ? ನಾನು. ನಂದೇ ಅಂದೆ. ಅದರಲ್ಲಿ ಸುಳ್ಳೇನಿದೆ ತೋರಿಸು.

ನೋಡ್ಬೇಡ ಹಾಗೆ.

ಅವಳು ಸುಮ್ಮನಿರ್ತಾಳಾ, ಹಾಗಾದ್ರೆ ನಾಳೆ ಹತ್ತನೇ ತರಗತಿಗೆ ನೀವೇ ಮಾಡಿ ತೋರಿಸಿ, ಮಕ್ಕಳಿಗೆ ಮೊದಲೇ ಏನೂ ಹೇಳ್ಬೇಡಿ, ಏನು ಕೇಳ್ತಾರೋ ಕೇಳಲಿ ಅಂದ್ಲು. ನಾನೂ ಕೂತ್ಕೊಂಡು ಕೇಳ್ತೀನಿ ಅಂದ್ಲು. ನಾನು ತಲೆ ಆಡಿಸಿದೆ. ಮೂವತ್ತು ವರ್ಷದ ಅನುಭವ, ತಲೆ ತಾನಾಗೇ ಆಡ್ತು.

ಕೋಟು ಯಾಕೆ ಹಾಕ್ಕೋತಿದೀಯ? ಅಗಾಯ್ ಹತ್ರ ಹೋಗ್ತೀಯಾ? ಏನು ಹೇಳೋಕೆ?... ಆ ಹಳ್ಳಿ ಮಾತು ಬಿಡು, ಅದನ್ನ ನಿಧಾನಕ್ಕೆ ನೋಡೋಣ. ಯಾರೂ ನಿನ್ನನ್ನ ಓಡಿಸ್ತಿಲ್ಲ. ಜಿಪಾರ್, ಬಾಗಿಲ ಹತ್ರ ನಿಲ್ಲು. ಒಂದು ಮಾತು. ಪುಸ್ತಕದಲ್ಲಿ ನೋಡಿದೆ, ಅಲ್ಲಿ ಬರೀ ಸಮೀಕರಣ ಇದೆ. ಅಷ್ಟು ನನಗೂ ಬರುತ್ತೆ, ಕಣ್ಣು ಮುಚ್ಚಿ ಬರೀತೀನಿ. ಆದರೆ ಮೊದಲು ಸುಮ್ಮನಿದ್ದು ಆಮೇಲೆ ಓಡುತ್ತಲ್ಲ... ನಾಳೆ ಯಾವುದಾದ್ರೂ ಮಗು ಎದ್ದು ಕೇಳಿಬಿಟ್ರೆ...

ನಾನು ಯಾರಿಗೂ ಹೇಳಲ್ಲ. ಹೇಳಿ ಹೋಗು ತಾಯಿ. ಯಾಕೆ ಓಡುತ್ತೆ ಅದು?