ಮೆಟ್ಟಿಲಿಳಿದ ದೆವ್ವ

ಬೇಡ ಮಗಳೇ, ಈಗಲೇ ರಿಮೋಟ್ ಒತ್ತಬೇಡ. ಟೀ ಆರ್ತಾ ಇದೆ, ಕುಡಿ ಮೊದಲು... ಸಕ್ಕರೆ ಇಲ್ವಾ? ಹಾಕಿದೆ ಅಂದ್ಕೊಂಡೆ. ಡಬ್ಬ ಎಲ್ಲಿಟ್ಟಿರ್ತಾಳೋ ನಿಮ್ಮಮ್ಮ... ಇಟ್ಟಿದ್ಲೋ. ಅವಳು ಹೋದ ಮೇಲೆ ಈ ಮನೇಲಿ ಒಂದೂ ಕೈಗೆ ಸಿಗಲ್ಲ. ಹಾಗೇ ಕುಡಿ.

ಯಾಕೆ ನಗ್ತೀಯ? ಓ, ಅಂಗಿ ಗುಂಡಿ. ಮೇಲಿನದು ಕೆಳಗೆ ಹೋಗಿದೆ. ಬಟ್ಟೆ ಹೊಲಿಯೋಳ ಗಂಡ ನೋಡು!

ಕೊಡು ಇಲ್ಲಿ ಆ ಡಿಸ್ಕಿನ ಡಬ್ಬಿ. ಅಬ್ಬಾ! ಹಳೇ ಸಿನಿಮಾ ರೀಲು ತೊಳೆದು, ಗೀರೆಲ್ಲ ಒರೆಸಿ... ದೆವ್ವಕ್ಕೂ ಮುಖ ತೊಳೆಸಿದ್ದಾರೆ. ಕನ್ನಡಿ ಥರ ಕಾಣುತ್ತಾ? ಯಾಕೆ ಬೇಕಿತ್ತು? ದೆವ್ವ ಕತ್ತಲಲ್ಲಿದ್ರೇ ಚೆಂದ. ನಮ್ಮ ಹಳೇ ಕ್ಯಾಸೆಟ್ಟೇ ಸಾಕಿತ್ತು.

ಗೊತ್ತು... ಗೊತ್ತು ಮಗಳೇ. ಅದರಲ್ಲಿ ಬರೀ ಬಿಳಿ ಮಸುಕು. ನಿಂಗೆ ಅಮ್ಮ ಬೇಕು. ನಡೆಯೋ ಅಮ್ಮ. ಫೋಟೋದಲ್ಲಿ ನಡೆಯಲ್ಲ ಅವಳು. ನಿಜ. ವಿಡಿಯೋದವನು ಬಂದ್ರೆ ಒಳಗೆ ಓಡೋಳು. "ನನ್ನ ನೋಡಬೇಕಾದ್ರೆ ಸಿನಿಮಾ ನೋಡಿ, ಮೆಟ್ಟಿಲಿಳಿಯೋ ದೆವ್ವ ನಾನೇ" ಅನ್ನೋಳು. ಬೀದಿ ಮಕ್ಕಳಿಗೆಲ್ಲ ದೆವ್ವದಮ್ಮ. ಹಾಗೆ ಕರೆದ್ರೆ ಎಷ್ಟು ಹಿಗ್ಗೋಳು!

ಆ ಮೆಟ್ಟಿಲು ನಾನು ಮಾಡಿದ್ದು. ಹೇಳಿದೀನಾ? ನೂರು ಸಲ... ಹೂಂ. ಸೆಟ್ಟಿನ ಬಡಗಿ ನಾನು, ಬಟ್ಟೆ ಹೊಲಿಯೋಳು ಅವಳು. ಕಡಿದಾದ ಮೆಟ್ಟಿಲು, ಹಿಡ್ಕೊಳ್ಳೋಕೆ ಕಂಬಿ ಇಲ್ಲ. ಯಾವ ದೆವ್ವ ಕಂಬಿ ಹಿಡ್ಕೊಂಡು ಇಳಿಯುತ್ತೆ ಮಾರಾಯ, ಅಂದ್ರು ಡೈರೆಕ್ಟ್ರು.

ಒತ್ತಿಬಿಟ್ಟೆಯಾ?

ಸರಿ.

ಬಾಗಿಲು... ದೀಪ... ಬಂತು. ಹೊಲಿಗೆ ನೋಡು ಆ ಬಿಳಿ ಬಟ್ಟೇದು, ಅವಳ ಕೈಯದ್ದೇ. ಕೂದಲು ಮುಂದೆ ಬಿದ್ದಿದೆ, ಮುಖ ಕಾಣಲ್ಲ. ಹೊಲಿಗೆ ನೋಡು ಅಂದ್ನಲ್ಲ, ಕೆಳಗೆ ಯಾಕೆ ನೋಡ್ತೀಯ... ಯಾಕೆ ನಿಲ್ಲಿಸಿದೆ?

ಮಗಳೇ?

ಟೀವಿ ಅಲ್ಲಿದೆ. ನನ್ನ ಕಾಲು ಯಾಕೆ ನೋಡ್ತೀಯ?

ಹೂಂ. ಕಿರುಬೆರಳಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಮರ ಕೆತ್ತೋ ಬಾಚಿ ಬಿದ್ದು ಹೋಗಿದ್ದು.

ಆವತ್ತು ಬೆಳಗಿನವರೆಗೂ ಅವಳೇ ದೆವ್ವ ಅಂತಿತ್ತು. ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. ಬಂದು ಮೆಟ್ಟಿಲು ನೋಡಿದ್ಲು. ಹೊಟ್ಟೆ ಮೇಲೆ ಕೈ ಇಟ್ಕೊಂಡ್ಲು. ನಂಗೂ ಆಗಲೇ ಗೊತ್ತಾಗಿದ್ದು, ನೀನು ಬರ್ತೀಯ ಅಂತ. ದೆವ್ವದ ಬಟ್ಟೆ ಬಿಚ್ಚಿ ನಂಗೇ ತೊಡಿಸಿದ್ಲು. ಅಲ್ಲಲ್ಲಿ ಹೊಲಿಗೆ ಸಡಿಲ ಮಾಡಿದ್ಲು. "ಯಾರಿಗೂ ಹೇಳಬೇಡಿ" ಅಂದ್ಲು.

ಹೇಳಲಿಲ್ಲ.

ಅಮ್ಮ ಇದರಲ್ಲಿ ಇಲ್ವಾ ಅಂತಾನಾ? ಇಲ್ಲ ಮಗಳೇ. ಇದರಲ್ಲೂ ಇಲ್ಲ.

ಸ್ವಲ್ಪ ಮುಂದೆ ಬಿಡು... ಇನ್ನೂ... ಹಾಂ, ನಿಲ್ಲಿಸು. ಕೊನೇ ಮೆಟ್ಟಿಲು. ನೇರ ಎದುರಿಗೆ ನೋಡು ಅಂದಿದ್ರು ನಂಗೆ. ದೆವ್ವದ ತಲೆ ಎತ್ತ ತಿರುಗಿದೆ ನೋಡು. ಪಕ್ಕಕ್ಕೆ. ಅಲ್ಲಿ, ಟೀವಿ ಅಂಚಿನ ಆಚೆ... ಸೂಜಿದಾರ ಹಿಡ್ಕೊಂಡು ನಿಂತಿದ್ಲು. ನಗು ತಡೆಯೋಕಾಗದೆ ಬಾಯಿಗೆ ಕೈ ಅಡ್ಡ ಇಟ್ಕೊಂಡಿದ್ಲು.

ನೀನೂ ಅಲ್ಲೇ ಇದ್ದೆ.