ಪುಸ್ತಕ ಮುಚ್ಚಿ ಹೇಳು

ವೇದಿಕೆಯ ಮೇಲಿರುವ ನಮ್ಮ ಆಡಳಿತ ಮಂಡಳಿಯ ಅಧ್ಯಕ್ಷರಾದ ಮಾನ್ಯ ಉಳಿವೆಪ್ಪನವರೇ, ಹಿರೇಕೆರೂರಿನಿಂದ ದಯಮಾಡಿಸಿದ ಅತಿಥಿಗಳೇ, ಮುಖ್ಯೋಪಾಧ್ಯಾಯರೇ, ಗದ್ದೆ ಕೆಲಸ ಮುಗಿಸಿ ಬಂದು ಹಿಂದೆ ನಿಂತಿರುವ ತಂದೆ ತಾಯಂದಿರೇ, ಸಭಿಕರೇ, ನಾಟಕ ಯಾವಾಗ ಶುರುವಾಗುತ್ತದೋ ಎಂದು ನನ್ನನ್ನು ಶಪಿಸುತ್ತಿರುವ ಮಕ್ಕಳೇ,

೧೯೭೯ರ ಈ ವಾರ್ಷಿಕ ಗ್ಯಾದರಿಂಗಿನಲ್ಲಿ, ಹತ್ತನೆಯ ತರಗತಿಯ ವರ್ಗಶಿಕ್ಷಕಿಯಾದ ನನಗೆ "ಓದಿದ್ದು ನೆನಪಿರಲು ಏನು ಮಾಡಬೇಕು" ಎಂಬ ವಿಷಯ ಕೊಟ್ಟಿದ್ದಾರೆ. ಉತ್ತರವನ್ನು ಅಧ್ಯಕ್ಷರು ಈಗಷ್ಟೇ ಕೊಟ್ಟುಬಿಟ್ಟರು. ಗೈಡು ಹಿಡಿದು ಬಾಯಿಪಾಠ ಮಾಡಿರಿ, ಬಾರದವರನ್ನು ಪರೀಕ್ಷೆಗೆ ಕಳಿಸುವುದಿಲ್ಲ ಎಂದರು. ಅವರ ಮೇಲೆ ನನಗೆ ಗೌರವವಿದೆ. ಆದರೆ ಈ ಮಾತನ್ನು ನಾನು ಒಪ್ಪುವುದಿಲ್ಲ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೆರೆ ನೀರಾವರಿಯ ಬಗ್ಗೆ ಬರೆಯಲು ಕೇಳಿದ್ದೆ. ಬರೆದವರೆಲ್ಲರ ಉತ್ತರವೂ "ಮೇಲಿನ ಚಿತ್ರವನ್ನು ಗಮನಿಸಿರಿ" ಎಂದೇ ಶುರುವಾಗಿತ್ತು. ಎಲ್ಲಿಯ ಚಿತ್ರ? ಅದು ಗೈಡಿನಲ್ಲಿ ಉಳಿದಿತ್ತು! ನಗಬೇಡಿ. ಮದಗದ ಕೆರೆಯ ಕಾಲುವೆಯನ್ನು ದಿನವೂ ದಾಟಿ ಬರುವ ಮಕ್ಕಳಿಗೆ ಗೈಡಿನ ಚಿತ್ರ ಯಾಕೆ ಬೇಕಿತ್ತು? ಅಡಿವೆವ್ವ ಎಂಬ ಹುಡುಗಿಯಂತೂ ಖಾಲಿ ಹಾಳೆ ಕೊಟ್ಟು ಅಳುತ್ತ ನಿಂತಳು. "ಮೊದಲನೇ ಶಬ್ದ ಮರ್ತೇನ್ರಿ ಅಕ್ಕಾರ, ಉಳಿದದ್ದೂ ಅದರ ಕೂಡನ ಹೋತು" ಎಂದಳು.

ಅಂದೇ ನಾನು ದಾರಿ ಬದಲಿಸಿದೆ. ಒಂದು ಪುಟ ಓದು, ಪುಸ್ತಕ ಮುಚ್ಚು. ಪಾಠ ಗೊತ್ತಿಲ್ಲದವರನ್ನು ಹಿಡಿದು ನಿನ್ನ ಮಾತಿನಲ್ಲಿ ಹೇಳು. ತಡವರಿಸಿದ ಕಡೆ ಮಾತ್ರ ಮತ್ತೆ ಪುಸ್ತಕ ತೆರೆ. ಮರುದಿನ ನೋಡದೆ ಹೇಳು, ವಾರ ಬಿಟ್ಟು ಇನ್ನೊಮ್ಮೆ ಹೇಳು. ಇದರಲ್ಲಿ ಮಂತ್ರವೇನೂ ಇಲ್ಲ.

ಅಡಿವೆವ್ವ ತನ್ನ ತಂದೆ ಮಾರೆಪ್ಪನವರಿಗೆ ಹೇಳತೊಡಗಿದಳು. ಅವರು ಜಗಳಕ್ಕೇ ಬಂದರು. "ನಾ ಸಾಲಿ ಮುಖಾನ ನೋಡಿಲ್ರಿ ಅಕ್ಕಾರ, ನನಗ ಹೇಳಿದ್ರ ಏನ್ ಬಂತು?"

"ಅದಕ್ಕ ನಿಮಗ ಹೇಳ್ಬೇಕ್ರಿ. ನೀವು ತಿಳೀಲಿಲ್ಲ ಅಂದಲ್ಲೆ ಆಕಿ ಮತ್ತ ಓದತಾಳ" ಎಂದೆ.

ಈಗ ಅವರು ಸಂತೆಯಲ್ಲಿ ನನ್ನನ್ನೇ ತಡೆದು ಕೇಳುತ್ತಾರೆ: "ಅಷ್ಟ್ ಮಂದಿ ಸತ್ತ ಮ್ಯಾಲೆ ಬುದ್ಧಿ ಬಂತೇನ್ರಿ ಆ ಅಶೋಕ ರಾಜಗ?" ಈ ಪ್ರಶ್ನೆಯನ್ನು ನನ್ನ ವರ್ಗದಲ್ಲಿ ಯಾರೂ ಕೇಳಿರಲಿಲ್ಲ. ಕಳೆದ ವಾರ ನಾನು ಇತಿಹಾಸದಲ್ಲಿ ಎಲ್ಲಿ ಕೇಳಿದರೂ ಅಡಿವೆವ್ವ ನಿಲ್ಲದೆ ಹೇಳಿದಳು.

ಆದರೆ ಅರ್ಧವಾರ್ಷಿಕದಲ್ಲಿ ನಪಾಸಾದವಳನ್ನು ಕಳಿಸಿದರೆ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬರುವುದಿಲ್ಲವಂತೆ. ಪರೀಕ್ಷೆಗೆ ಕೂಡುವವರ ಪಟ್ಟಿಯಿಂದ ಅಧ್ಯಕ್ಷರು ಅವಳ ಹೆಸರು ತೆಗೆಸಿದ್ದಾರೆ. ಹೆಸರು ಕಳಿಸಲು ಸೋಮವಾರ ಕಡೆಯ ದಿನ. ಪರೀಕ್ಷೆ ಇಲ್ಲವೆಂದರೆ ಮದುವೆ ಮಾಡಿಬಿಡುತ್ತೇನೆ, ಗಂಡು ಗೊತ್ತಾಗಿದೆ ಎಂದು ಮಾರೆಪ್ಪನವರು ನಿನ್ನೆ ಬಂದು ಹೇಳಿಹೋದರು.

ನೂರಕ್ಕೆ ನೂರು! ನಾನು ಓದಿದ ಶಾಲೆಗೂ ಒಂದು ವರ್ಷ ಬಂದಿತ್ತು. ಪೇಢೆ ಹಂಚಿದರು. ನನ್ನ ಕೈಗೂ ಒಂದು ಬಂತು. ಪರೀಕ್ಷೆಗೆ ಕಳಿಸದೆ ಬಿಟ್ಟ ಹುಡುಗಿ ಇವಳೇ ಎಂಬುದು ಹಂಚುವವರಿಗೆ ನೆನಪೇ ಇರಲಿಲ್ಲ. ಆ ಬೇಸಿಗೆಯಲ್ಲೇ ನನ್ನ ಮದುವೆಯಾಯಿತು. ಮುಂದೆ ಹೊರಗಿನಿಂದ ಪರೀಕ್ಷೆ ಕಟ್ಟಿ ಪಾಸಾಗುವಷ್ಟರಲ್ಲಿ ಕಂಕುಳಲ್ಲಿ ಕೂಸಿತ್ತು, ಕೂಸಿನ ಅಪ್ಪ ಇರಲಿಲ್ಲ... ಇರಲಿ. ಇದನ್ನು ಹೇಳಬೇಕೆಂದು ನಾನು ಬಂದಿರಲಿಲ್ಲ. ಬಾಯಿಗೆ ಬಂದುಬಿಟ್ಟಿತು, ಕ್ಷಮಿಸಬೇಕು.

ಅಧ್ಯಕ್ಷರೇ, ಆ ಹೆಸರುಗಳ ಕೆಳಗೆ ವರ್ಗಶಿಕ್ಷಕಿಯ ಸಹಿ ಬೇಕು. ಅಡಿವೆವ್ವನ ಹೆಸರಿದ್ದರೆ ಸಹಿ ಮಾಡುತ್ತೇನೆ, ಇಲ್ಲದಿದ್ದರೆ ಮಾಡುವುದಿಲ್ಲ. ಅವಳು ನಪಾಸಾಗುವುದೇ ಆದರೆ ಪರೀಕ್ಷೆಗೆ ಕುಳಿತು ನಪಾಸಾಗಲಿ. ಕೂಡಿಸದೆಯೇ ನಪಾಸು ಮಾಡುವ ಅಧಿಕಾರ ನನಗೂ ಇಲ್ಲ, ತಮಗೂ ಇಲ್ಲ.

ಸಿಟ್ಟಾಗದೆ ಕೇಳಿದ ಅತಿಥಿಗಳಿಗೆ, ಸಿಟ್ಟಾದರೂ ನಡುವೆ ತಡೆಯದ ಅಧ್ಯಕ್ಷರಿಗೆ, ಮುಖಕ್ಕೆ ಬಣ್ಣ ಹಚ್ಚಿಕೊಂಡು ಪರದೆಯ ಹಿಂದೆ ಬೆವರುತ್ತಿರುವ ನಮ್ಮ ನಟರಿಗೆ ನನ್ನ ವಂದನೆಗಳು. ಹಿಂದೆ ನಿಂತಿರುವ ಮಾರೆಪ್ಪನವರೇ, ಗಂಡಿನ ಕಡೆಯವರಿಗೆ ಹೇಳಿಬಿಡಿರಿ, ಹುಡುಗಿಗೆ ಪರೀಕ್ಷೆ ಇದೆ.

ನಮಸ್ಕಾರ.